ಕಾಲಿಲ್ಲ ಅಂದ್ಮೇಲೆ ಹಾವೇನಾ?

ಮೊನ್ನೆ ಕೊಡಗಿನ ಗಾಳಿಬೀಡು ಕಡೆಯ ಒಂದು ಕಾಫಿ ತೋಟದಲ್ಲಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯುವಾಗ ಗುದ್ದಲಿಯ ಏಟಿಗೆ ಹಾವಿನಂಥ ಜೀವಿಯೊಂದು ಎರಡು ತುಂಡಾಯಿತು. ಗೇಣಿಗಿಂತ ತುಸು ಉದ್ದ, ಕಡುಗಂದು ಮೈ, ಎರಡೂ ಪಕ್ಕಕ್ಕೆ ಹಳದಿ ಪಟ್ಟೆ. “ಎರಡು ತಲೆ ಹಾವು” ಎಂದರು ಅಗೆಯುತ್ತಿದ್ದ ಹಿರಿಯರು. ನಾವು ಹಾವಲ್ಲ ಎಂದಾಗ ಅವರು ಕೇಳಿದ್ದು ಇಷ್ಟೇ: “ಕಾಲಿಲ್ಲ ಅಂದ್ಮೇಲೆ ಹಾವಲ್ದೆ ಇನ್ನೇನಣ್ಣ?”

ಇದು ದಡ್ಡ ಪ್ರಶ್ನೆಯಲ್ಲ. ಅದು ಸಿಸಿಲಿಯನ್, ಅಂದರೆ ಕಪ್ಪೆಯ ಬಳಗದ, ಕಾಲಿಲ್ಲದ ಉಭಯವಾಸಿ. ಜೀವಿಗಳಿಗೆ ಹೆಸರಿಟ್ಟು ವಿಂಗಡಿಸಿದ ವಿಜ್ಞಾನಿ ಲಿನೇಯಸ್ ಕೂಡ 1758ರಲ್ಲಿ ಸಿಸಿಲಿಯನ್ನುಗಳನ್ನು ಹಾವಿನ ಸಾಲಿಗೇ ಸೇರಿಸಿದ್ದ. ಅಗೆಯುವವರಿಗೆ ಏನೂ ಗೊತ್ತಿಲ್ಲ ಎಂದು ನಗುವವರ ಮೇಲೆ ನನಗೆ ಸಿಟ್ಟಿದೆ. ಆ ಹಿರಿಯರು ಕಣ್ಣಿಗೆ ಕಂಡದ್ದನ್ನು ಆಧಾರ ಮಾಡಿಕೊಂಡು ಮಾತಾಡಿದರು. ಎಡವಿದ್ದು ಯಾವ ಲಕ್ಷಣವನ್ನು ನಂಬಬೇಕು ಎಂಬಲ್ಲಿ ಮಾತ್ರ.

ಕಾಲಿಲ್ಲದಿರುವುದು ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಮಣ್ಣೊಳಗೆ ನುಸುಳಿ ಬದುಕುವ ಜೀವಿಗೆ ಕಾಲು ಅಡ್ಡಿ. ಹಾವು, ಕೆಲವು ಹಲ್ಲಿಗಳು, ಸಿಸಿಲಿಯನ್ನು, ಎಲ್ಲವೂ ಬೇರೆ ಬೇರೆಯಾಗಿಯೇ ಕಾಲು ಕಳೆದುಕೊಂಡಿವೆ. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಜುರಾಸಿಕ್ ಕಾಲದ ಇಯೋಸಿಸಿಲಿಯಾ ಎಂಬ ಹಳೆಯ ಸಿಸಿಲಿಯನ್ನಿನ ಪಳೆಯುಳಿಕೆಗೆ ಪುಟ್ಟ ಕಾಲುಗಳಿವೆ. ನೆಂಟಸ್ತಿಕೆ ಕಟ್ಟಲು ಬೇಕಾದದ್ದು ಒಬ್ಬ ಪೂರ್ವಜನಲ್ಲಿ ಹೊಸದಾಗಿ ಮೂಡಿ, ಅವನ ಸಂತತಿಗೆ ಹಂಚಿಹೋದ ಲಕ್ಷಣ. ಸಿಸಿಲಿಯನ್ನಿನ ಹಲ್ಲು ನೋಡಿ: ಬುಡ ಬೇರೆ, ತುದಿ ಬೇರೆ, ನಡುವೆ ಮೆತ್ತನೆಯ ಗೆರೆ. ಅಂಥ ಹಲ್ಲು ಕಪ್ಪೆಗಳಲ್ಲೂ, ಹಲ್ಲಿಯಂತೆ ಕಾಣುವ ಅವುಗಳ ನೆಂಟ ಸಾಲಮಾಂಡರುಗಳಲ್ಲೂ ಇದೆ. ಹಾವಿನಲ್ಲಿ ಇಲ್ಲ. ಹಾವಿನ ಭ್ರೂಣ ನೀರು ತುಂಬಿದ ಚೀಲದೊಳಗೆ ಬೆಳೆಯುತ್ತದೆ, ಕೋಳಿಯದೂ ಹಾಗೆಯೇ, ನಮ್ಮದೂ ಹಾಗೆಯೇ. ಆದ್ದರಿಂದ ಹಾವು ಗುಂಡಿಯಲ್ಲಿ ಸಿಕ್ಕ ಈ ಜೀವಿಗಿಂತ ಕೋಳಿಗೇ ಹತ್ತಿರದ ನೆಂಟ.

ಇಷ್ಟಾದರೂ ಹಳದಿ ಪಟ್ಟೆ ನೋಡಿ ಪ್ರಭೇದದ ಹೆಸರು ಹೇಳುವುದು ತಪ್ಪು. ಸಿಸಿಲಿಯನ್ನುಗಳಲ್ಲಿ ಇಕ್ತಿಯೋಫಿಸ್ ಎಂಬ ಕುಲ ಎನ್ನಬಹುದು, ಅದಕ್ಕಿಂತ ಮುಂದೆ ಹೋಗಬಾರದು. ಪಟ್ಟೆಯಿರುವ ಪ್ರಭೇದಗಳು ಒಂದಕ್ಕಿಂತ ಹೆಚ್ಚಿವೆ. ಇನ್ನೂರು ದಾಟುವ ಮೈಯುಂಗುರಗಳನ್ನು ಒಂದೊಂದಾಗಿ ಎಣಿಸಬೇಕು, ಕಣ್ಣಿಗೂ ಮೂಗಿಗೂ ನಡುವಿನ ಮೀಸೆಯಂಥ ಸ್ಪರ್ಶಾಂಗ ಎಲ್ಲಿದೆಯೆಂದು ಅಳೆಯಬೇಕು. ಡಿಎನ್‌ಎ ಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅಕ್ಕಿಕಾಳಿನಷ್ಟು ಮಾಂಸವನ್ನು ಶೇ. 95ರ ಎಥನಾಲಿನಲ್ಲಿಡಬೇಕು. ಬಹಳ ಮಂದಿ ಎಡವುವುದು ಇಲ್ಲೇ: ಇಡೀ ದೇಹವನ್ನು ಮೊದಲು ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ, ಡಿಎನ್‌ಎ ತುಂಡು ತುಂಡಾಗುತ್ತದೆ. ಆಮೇಲೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ 16ಎಸ್ ಎಂಬ ಜೀನಿನ ಐನೂರು ಚಿಲ್ಲರೆ ಅಕ್ಷರಗಳನ್ನು ಓದಿಸಿ, ಬೇರೆ ಪ್ರಭೇದಗಳದರ ಜೊತೆ ಸಾಲಾಗಿ ಜೋಡಿಸಿ, ವಂಶವೃಕ್ಷ ಬಿಡಿಸುತ್ತಾರೆ. ಜೋಡಣೆಯಲ್ಲಿ ಒಂದು ಕಡೆ ಸಾಲು ಜರುಗಿದರೂ ಕೊಂಬೆ ತಪ್ಪು ಜಾಗಕ್ಕೆ ಅಂಟಬಹುದು. ಮೈಟೊಕಾಂಡ್ರಿಯ ತಾಯಿಯ ಕಡೆಯಿಂದಷ್ಟೇ ಬರುವುದು, ಹಾಗಾಗಿ ಅದೊಂದನ್ನೇ ನಂಬದೆ ಕೋಶಕೇಂದ್ರದ ಜೀನುಗಳನ್ನೂ ನೋಡಲೇಬೇಕು.

ಗುಂಡಿಯ ಬಳಿ ಇದ್ಯಾವುದೂ ಬೇಕಾಗಲಿಲ್ಲ. ತುಂಡನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಸವರಿ ನೋಡಿ ಎಂದೆವಷ್ಟೇ. ಹಾವಿನ ಹೊಟ್ಟೆಯಲ್ಲಿರುವ ಅಗಲ ಹುರುಪೆ ಇಲ್ಲ, ಒಣ ಮೈಯಲ್ಲ, ಬರೀ ಲೋಳೆ. ಅವರು ಮತ್ತೊಮ್ಮೆ ಸವರಿದರು. “ಕಪ್ಪೆ ಜಾರಿದಂಗೇ ಜಾರ್ತದಲ್ಲ!”

ಮಣ್ಣಿನೊಳಗೆ ಮೊಟ್ಟೆಗಳನ್ನು ಸುತ್ತಿಕೊಂಡು ತಾಯಿ ಕಾಯುತ್ತದೆ ಎಂದೂ ಹೇಳಿದೆವು. ತೋಡಿನ ಪಕ್ಕದ ಮುಂದಿನ ಗುಂಡಿಯಲ್ಲಿ ಅವರು ಗುದ್ದಲಿ ಎತ್ತುವ ಮೊದಲು ದರಗನ್ನು ಕೈಯಿಂದ ಸರಿಸಿದರು.