ಎತ್ತರದ ಹಿಂದಿನ ಎರಡು ಸಂಕೇತಗಳು

ಮಗುವಿನ ಎತ್ತರವನ್ನು ಬೆಳವಣಿಗೆಯ ಹಾರ್ಮೋನೊಂದೇ ನಿರ್ಧರಿಸುತ್ತದೆ ಎಂಬ ಮಾತನ್ನು ಇಂದು ಮತ್ತೆ ಕೇಳಿದಾಗ 1957ರ ಒಂದು ಪ್ರಯೋಗ ನೆನಪಾಯಿತು. ಇಲಿಯ ಮೃದ್ವಸ್ಥಿಗೆ ವಿಜ್ಞಾನಿಗಳಾದ ಸಾಲ್ಮನ್ ಮತ್ತು ಡಾಹಡೇ ಈ ಹಾರ್ಮೋನನ್ನು ನೇರವಾಗಿ ಸೇರಿಸಿದಾಗ ಮೃದ್ವಸ್ಥಿಯ ಬೆಳವಣಿಗೆಯ ಗುರುತಾದ ಸಲ್ಫೇಟ್ ಹೀರಿಕೆಯ ಪ್ರಮಾಣ ಅಷ್ಟೇನೂ ಹೆಚ್ಚಲಿಲ್ಲ. ಆರೋಗ್ಯವಂತ ಇಲಿಯ ಸೀರಮ್ (ರಕ್ತದ ತಿಳಿದ್ರವ) ಸೇರಿಸಿದಾಗ ಹೆಚ್ಚಿತು. ಸೀರಮ್‌ನಲ್ಲಿದ್ದು, ಹಾರ್ಮೋನಿಗೂ ಮೃದ್ವಸ್ಥಿಗೂ ನಡುವೆ ನಿಂತು ಕೆಲಸ ಮಾಡುತ್ತಿದ್ದ ವಸ್ತುವೇ ಮುಂದೆ ಐಜಿಎಫ್-1 (ಇನ್ಸುಲಿನ್‌ನಂಥ ಬೆಳವಣಿಗೆ ಅಂಶ-1) ಎಂದು ಹೆಸರಾಯಿತು. ಹಾರ್ಮೋನಿನ ಸಂಕೇತ ಸಿಕ್ಕಾಗ ಯಕೃತ್ತೂ ಇತರ ಅಂಗಾಂಶಗಳೂ ತಯಾರಿಸುವ ಈ ಬೆಳವಣಿಗೆ ಅಂಶವು ಜೀವಕೋಶದ ಗ್ರಾಹಕಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನೂ ಕೋಶವಿಭಜನೆಯನ್ನೂ ಹೆಚ್ಚಿಸುತ್ತದೆ, ರಕ್ತದಲ್ಲಿ ತಾನು ಹೆಚ್ಚಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನಿನ ಸ್ರವಿಕೆಯನ್ನು ತಗ್ಗಿಸುತ್ತದೆ. ನನ್ನನ್ನು ಬಹಳವಾಗಿ ಕಾಡುವುದು ತೀವ್ರ ಅಪೌಷ್ಟಿಕತೆಯ ಸಂಗತಿ: ಅಂಥ ಮಗುವಿನ ರಕ್ತದಲ್ಲಿ ಹಾರ್ಮೋನು ಏರಿರುತ್ತದೆ, ಆದರೆ ಆಹಾರವಿಲ್ಲದ ಯಕೃತ್ತು ಅದಕ್ಕೆ ಸರಿಯಾಗಿ ಸ್ಪಂದಿಸದೆ ಐಜಿಎಫ್-1 ಕುಸಿದು ಬೆಳವಣಿಗೆ ಕುಂಠಿತವಾಗುತ್ತದೆ.