ಓಸಿಡಿ ಚಿಕಿತ್ಸೆಯಲ್ಲಿ ಧೈರ್ಯ ಹೇಳಬಾರದ ಹೊತ್ತು

ಓಸಿಡಿ (ಬೇಡವೆಂದರೂ ಮತ್ತೆ ಮತ್ತೆ ಬರುವ ಭಯದ ಯೋಚನೆ, ಅದನ್ನು ತಣಿಸಲು ಮಾಡಿದ್ದನ್ನೇ ಮಾಡುವ ಕಾಯಿಲೆ) ಇರುವವರು ಬಂದರೆ ಮನೆಯವರನ್ನು ಹೊರಗೆ ಕೂರಿಸಿ ಚಿಕಿತ್ಸೆ ಶುರು ಮಾಡುವುದನ್ನು ನಾನು ನಿಲ್ಲಿಸಿದ್ದೇನೆ. ಅದಕ್ಕೆ ಕಾರಣ ಒಂದು ಕೇಸು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನಾನು ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಆಕೆಗೆ ಮೂವತ್ತರ ಆಸುಪಾಸು. ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಬಿರಿದಿತ್ತು. ವೈ-ಬಾಕ್ಸ್‌ನಲ್ಲಿ 40ಕ್ಕೆ 31; ಓಸಿಡಿ ಎಷ್ಟು ತೀವ್ರ ಅಂತ ಅಳೆಯುವ ಪಟ್ಟಿ ಅದು, ಅಂಕ ಹೆಚ್ಚಿದಷ್ಟೂ ಕಾಯಿಲೆ ಜೋರು. ತಾನು ಏನನ್ನೋ ಮುಟ್ಟಿ ಮಗುವಿಗೆ ಕಾಯಿಲೆ ತರುತ್ತೇನೆ ಎಂಬ ಭಯ. ಮೊದಮೊದಲು ಅತ್ತೆಗೆ ಖುಷಿಯೇ ಆಗಿತ್ತಂತೆ, ಸೊಸೆ ಮಡಿ ಚೆನ್ನಾಗಿ ಮಾಡುತ್ತಾಳೆ ಅಂತ. ಆದರೆ ಮಡಿಗೆ ಒಂದು ಕೊನೆ ಇರುತ್ತದೆ. ಸ್ನಾನ ಆಯ್ತು, ಮಡಿಬಟ್ಟೆ ಉಟ್ಟಾಯ್ತು, ಇನ್ನು ಅಡುಗೆಗೆ ಕೈ ಹಾಕಬಹುದು. ಓಸಿಡಿಯಲ್ಲಿ ಆ 'ಆಯ್ತು' ಬರುವುದೇ ಇಲ್ಲ. ಇದು ತಿಳಿಯದೆ ವರ್ಷಗಟ್ಟಲೆ ತಡವಾಗಿ ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ.

ಸೈಕಿಯಾಟ್ರಿಸ್ಟ್ ಫ್ಲುಯಾಕ್ಸೆಟಿನ್ ಮಾತ್ರೆಯನ್ನು 60 ಮಿ.ಗ್ರಾಂಗೆ ಏರಿಸಿ, ಇ.ಆರ್.ಪಿ.ಗೆ (ಭಯ ಹುಟ್ಟಿಸುವುದನ್ನು ಎದುರಿಸಿ, ತೊಳೆಯುವಂಥದ್ದನ್ನು ತಡೆದುಕೊಳ್ಳುವ ಚಿಕಿತ್ಸೆಗೆ) ಅಂತ ನನ್ನ ಹತ್ತಿರ ಕಳಿಸಿದರು. ಕೂತು ಹೈರಾರ್ಕಿ, ಅಂದರೆ ಕಡಿಮೆ ಭಯದಿಂದ ಹೆಚ್ಚು ಭಯದವರೆಗಿನ ಪಟ್ಟಿ, ಬರೆದೆವು. ಬಾಗಿಲ ಹಿಡಿಕೆ, ಬಸ್ಸಿನ ಕಂಬಿ, ಚಪ್ಪಲಿಯ ಅಟ್ಟೆ, ಎಲ್ಲಕ್ಕಿಂತ ಮೇಲೆ ಓಪಿಡಿ ಶೌಚಾಲಯದ ನಲ್ಲಿ. ಮುಟ್ಟಬೇಕು, ತೊಳೆಯಬಾರದು, ಭಯ ಬಂದರೆ ಬರಲಿ ಅಂತ ಕೂತಿರಬೇಕು. ರೂಮಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಸಡ್ಸ್, ಅಂದರೆ ತನ್ನ ಭಯಕ್ಕೆ ಆಕೆಯೇ ನೂರಕ್ಕೆ ಕೊಡುವ ಅಂಕ, 80ರಿಂದ 40ಕ್ಕೆ ಇಳಿಯುತ್ತಿತ್ತು. ಹೋಂವರ್ಕ್ ಶೀಟನ್ನೂ ತಪ್ಪದೆ ತುಂಬಿ ತರುತ್ತಿದ್ದರು. ಆದರೂ ವೈ-ಬಾಕ್ಸ್ ಮತ್ತೆ ಹಾಕಿದರೆ 29. ಡೋಸ್ ಸಾಲುತ್ತಿಲ್ಲ ಅಂದುಕೊಂಡು ನಾನು ಔಷಧಿ ಚೀಟಿ ನೋಡುತ್ತಿದ್ದೆ.

ಉತ್ತರ ಸಿಕ್ಕಿದ್ದು ಕಾರಿಡಾರಿನಲ್ಲಿ. ಸೆಷನ್ ಮುಗಿದ ಮೇಲೆ ಫೈಲ್ ಕೊಡಲು ಆಕೆಯ ಹಿಂದೆಯೇ ಹೋದೆ. ಬೆಂಚಿನ ಮೇಲೆ ಗಂಡ ಕಾಯುತ್ತಿದ್ದರು.

"ರೀ, ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ, ಬಾ."

ಆಕೆ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಇನ್ನೊಂದು ಸಲ ಕೇಳಿ, ಉಸಿರು ಬಿಟ್ಟು, ಚಪ್ಪಲಿ ಹಾಕಿಕೊಂಡರು. ಸೋಪಿನ ಜಾಗಕ್ಕೆ ಗಂಡನ ಮಾತು ಬಂದು ಕೂತಿತ್ತು. ಕೈ ತೊಳೆಯುವುದನ್ನು ತಡೆದಿದ್ದೆವು, ಕೇಳುವುದನ್ನು ತಡೆದಿರಲಿಲ್ಲ. ಹೊರಗೆ ಹೋದರೆ ಆ ಮಾತು ಸಿಗುತ್ತದೆ ಎಂಬ ಭರವಸೆಯ ಮೇಲೆಯೇ ಆಕೆ ಒಳಗೆ ಕೂತಿರುತ್ತಿದ್ದರು.

ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಸಿಡುಕದೆ ಉತ್ತರ ಕೊಡುತ್ತಿದ್ದ ಮನುಷ್ಯ ಆತ. ಅಷ್ಟು ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಕಾಯಿಲೆಯನ್ನು ಸಾಕುತ್ತಿದೆ ಅಂತ ಹೇಳಿದಾಗ ತಲೆ ತಗ್ಗಿಸಿ ಕೂತರು. ಇದು ನಿಮ್ಮ ತಪ್ಪಲ್ಲ, ಯಾರೂ ನಿಮಗೆ ಹೇಳಿಕೊಟ್ಟಿರಲಿಲ್ಲ ಅಂದೆ. ನಿಜವಾಗಿಯೂ ಯಾರೂ ಹೇಳಿಕೊಟ್ಟಿರಲಿಲ್ಲ.

1966ರಲ್ಲಿ ಸೈಕಾಲಜಿಸ್ಟ್ ವಿಕ್ಟರ್ ಮೇಯರ್ ಇಂಗ್ಲೆಂಡಿನಿಂದ ಮುಟ್ಟಿಸಿ ತೊಳೆಯದಂತೆ ತಡೆಯುವ ಈ ಪದ್ಧತಿಯ ಬಗ್ಗೆ ಬರೆದಾಗ, ರೋಗಿ ತೊಳೆಯದಂತೆ ದಿನವಿಡೀ ಜೊತೆಗಿದ್ದು ನೋಡಿಕೊಂಡದ್ದು ವಾರ್ಡಿನ ನರ್ಸುಗಳು. ನಮ್ಮಲ್ಲಿ ಅಷ್ಟು ನರ್ಸುಗಳು ಎಲ್ಲಿಂದ ಬರಬೇಕು? ಮನೆಯವರೇ ಆ ಜಾಗದಲ್ಲಿ ಇರುತ್ತಾರೆ. ಅವರನ್ನು ಜೊತೆಗೆ ಸೇರಿಸಿಕೊಳ್ಳುವುದು ನಮಗೆ ಹೊಸದೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಮನೆಯವರನ್ನು ಆಸ್ಪತ್ರೆ ಆವರಣದ ಡೇರೆಗಳಲ್ಲಿ ರೋಗಿಯ ಜೊತೆ ಇರಿಸಿಕೊಂಡಿದ್ದರು. ನಿಮ್ಹಾನ್ಸ್‌ನಲ್ಲೂ ರೋಗಿಯ ಜೊತೆ ಮನೆಯವರು ಉಳಿಯುವುದು ಬಹಳ ಹಿಂದಿನ ರೂಢಿ. ಇದನ್ನೆಲ್ಲ ಓದಿಯೇ ಬಂದ ನಾವು, ರೂಮಿನಲ್ಲಿ ಕುರ್ಚಿ ಇಲ್ಲ ಅಂತ ಗಂಡನನ್ನು ಬೆಂಚಿಗೆ ಕಳಿಸುತ್ತಿದ್ದೆವು.

ಮುಂದಿನ ಸೆಷನ್‌ಗೆ ಆತನನ್ನೂ ಒಳಗೆ ಕರೆದೆ. ಮೂವರೂ ಕೂತು ಮೊದಲೇ ಮಾತಾಡಿಕೊಂಡೆವು. ಆಕೆ ಒಪ್ಪದೆ ಇದನ್ನು ಮಾಡಿದರೆ ಅದು ಚಿಕಿತ್ಸೆ ಅಲ್ಲ, ಹಿಂಸೆ. ಆಕೆ ಕೇಳಿದಾಗ ಆತ ಹೇಳಬೇಕಾದದ್ದು ಇಷ್ಟೇ: "ನನಗೆ ಗೊತ್ತಿಲ್ಲ. ಜೊತೆಗಿರ್ತೀನಿ."

ನಲ್ಲಿ ಮುಟ್ಟಿ ಬಂದ ಕೈಯಲ್ಲೇ ಆಕೆ ಮಗುವಿನ ಟೋಪಿ ಹಿಡಿದರು. ಸಡ್ಸ್ 95.

"ರೀ, ಏನೂ ಆಗಲ್ಲ ಅಲ್ವಾ?"

ಆತ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಆಕೆ ಮತ್ತೆ ಕೇಳಿದರು, ಈ ಸಲ ಅಳುತ್ತಾ. ಆತನ ತುಟಿ ನಡುಗುತ್ತಿತ್ತು. "ಗೊತ್ತಿಲ್ಲ ಕಣೇ" ಅಂದರು. ಮುಂದಿನದು ಗಂಟಲಲ್ಲೇ ಉಳಿಯಿತು. ಆಕೆ ನನ್ನ ಕಡೆ ತಿರುಗಿ, "ನಿಮಗೂ ಮಕ್ಕಳಿಲ್ವಾ ಮೇಡಂ? ಒಂದು ಮಾತು ಹೇಳಿ ಸಾಕು" ಅಂದರು. ಆ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಳುವವರಿಗೆ ಸಮಾಧಾನ ಹೇಳಬೇಕು ಅಂತಲೇ ಅಲ್ವಾ ನಾವೆಲ್ಲ ಬೆಳೆದದ್ದು? "ತುಂಬಾ ಕಷ್ಟ ಆಗ್ತಿದೆ ನಿಮಗೆ. ನಾವಿಬ್ಬರೂ ಇಲ್ಲೇ ಇದ್ದೀವಿ" ಅಂದು ಅಲ್ಲಿಗೇ ನಿಲ್ಲಿಸಿದೆ.

ಅಷ್ಟರಲ್ಲಿ ಅಟೆಂಡರ್ ಬಾಗಿಲು ತಟ್ಟಿದರು. "ಮೇಡಂ, ಟೋಕನ್‌ನವರು ಗಲಾಟೆ ಮಾಡ್ತಿದ್ದಾರೆ." ನಮಗಿರುವುದು ಅರ್ಧ ಗಂಟೆಯ ಸ್ಲಾಟ್. ಇ.ಆರ್.ಪಿ.ಗೆ ಒಂದರಿಂದ ಒಂದೂವರೆ ಗಂಟೆ ಬೇಕು. 95ರಲ್ಲಿ ಎಬ್ಬಿಸಿ ಕಳಿಸಿದರೆ ಆಕೆ ನೇರ ಹೋಗಿ ನಿಲ್ಲುವುದು ಕೈ ತೊಳೆಯುವ ಜಾಗದಲ್ಲಿ. ಭಯ ಗೆದ್ದಿತು ಎಂಬ ಪಾಠ ಕಲಿತು ಮನೆಗೆ ಹೋಗುತ್ತಾರೆ. ಕಾಯಲಿ ಅಂದೆ. ಮತ್ತೆ ತಟ್ಟಿದಾಗಲೂ ಅದನ್ನೇ ಹೇಳಿದೆ. ಆಕೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. 90. 85. ತುಂಬಾ ಹೊತ್ತು 85. ಆಮೇಲೆ 60. ಪ್ರಶ್ನೆ ಕೇಳುವುದು ಯಾವಾಗ ನಿಂತಿತು ಅಂತ ಮೂವರಿಗೂ ಗೊತ್ತಾಗಲಿಲ್ಲ. 50ಕ್ಕೆ ಬಂದಾಗ ಆಕೆ, "ಇನ್ನೂ ಭಯ ಇದೆ, ಆದ್ರೆ ಕೂರಬಹುದು" ಅಂದರು.

ಸಂಜೆ ಮೇಲಿನವರಿಂದ ಕರೆ ಬಂತು, ಅಂದಿನ ಕೇಸುಗಳ ಸಂಖ್ಯೆ ಯಾಕೆ ಕಡಿಮೆ ಅಂತ. ಮಂತ್ಲಿ ರಿಪೋರ್ಟ್‌ನಲ್ಲಿ ಎಷ್ಟು ಜನರನ್ನು ನೋಡಿದಿರಿ ಎಂಬ ಕಾಲಂ ಇದೆ. ಎಷ್ಟು ಹೊತ್ತು ಕೂತಿರಿ ಎಂಬ ಕಾಲಂ ಇಲ್ಲ. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಹೊರಗೆ ಕಾದವರ ಸಿಟ್ಟು ನ್ಯಾಯವಾದದ್ದೇ, ಅವರೂ ಬಸ್ ಹಿಡಿದು ದೂರದಿಂದ ಬಂದವರು. ಆದರೆ ಎಲ್ಲ ಚಿಕಿತ್ಸೆಗೂ ಒಂದೇ ಅಳತೆಯ ಸ್ಲಾಟ್ ಕೊಟ್ಟು ನಮ್ಮನ್ನೂ ಅವರನ್ನೂ ಜಗಳಕ್ಕೆ ಬಿಟ್ಟದ್ದು ವ್ಯವಸ್ಥೆ.

ವಾರಕ್ಕೆ ಒಂದು ಮಧ್ಯಾಹ್ನ ಟೋಕನ್ ಇಲ್ಲದೆ ಬಿಡಿ ಅಂತ ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಇ.ಆರ್.ಪಿ. ಇರುವವರಿಗೆ ದಿನದ ಕೊನೇ ಟೋಕನ್ ಕೊಡಿಸುತ್ತೇನೆ. ಮೊದಲ ದಿನವೇ ಮನೆಯವರಿಗೂ ಕುರ್ಚಿ ಹಾಕಿಸುತ್ತೇನೆ. ಹೋಂವರ್ಕ್ ಶೀಟಿನಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ಇವತ್ತು 'ಏನೂ ಆಗಲ್ಲ ಅಲ್ವಾ' ಅಂತ ಯಾರನ್ನು, ಎಷ್ಟು ಸಲ ಕೇಳಿದಿರಿ? ಅದನ್ನು ಮನೆಯವರೇ ತುಂಬಬೇಕು.