ಕಾಣೆಯ ಹೊಟ್ಟೆಯಲ್ಲಿ ಕಾಣೆಯಾದ ಬಾಲ

ಅಂತೂ ಸಿಕ್ಕಿತು! ಏಳನೇ ಮೀನಿನಲ್ಲಿ.

ಕಾಣೆ ಮೀನಿನ ಚಿತ್ರ ಬರೆದು ತಿಂಗಳಾಯಿತು. ಮೊದಲ ಬೆನ್ನುರೆಕ್ಕೆಯಲ್ಲಿ 11 ಮುಳ್ಳು, ಎರಡನೆಯದರಲ್ಲಿ ಒಂದು ಮುಳ್ಳು, 21 ಕಡ್ಡಿ. ಎಲ್ಲ ಎಣಿಸಿ ಆಗಿದೆ. ಆದರೂ ನನ್ನ ಚಿತ್ರಪುಸ್ತಕದಲ್ಲಿ ಹೆಸರಿನ ಜಾಗ ಖಾಲಿ. ಕಾಣೆ ಸೇರಿರುವ ಸಿಲ್ಲಾಗೊ ಕುಲದಲ್ಲಿ 30ಕ್ಕೂ ಜಾಸ್ತಿ ಜಾತಿಗಳಿವೆ. ಹೊರಗಿನಿಂದ ಹೆಚ್ಚುಕಮ್ಮಿ ಎಲ್ಲ ಒಂದೇ ಅಚ್ಚು: ಚೂಪು ಮೂತಿ, ಚಿಕ್ಕ ಬಾಯಿ, ಮರಳಿನ ಬಣ್ಣ. ಮರಳಲ್ಲಿ ಹುಳ ಹುಡುಕುವ, ಹೆದರಿದರೆ ಮರಳಲ್ಲೇ ಹೂತುಕೊಳ್ಳುವ ಮೀನಿಗೆ ಬಣ್ಣದ ವೇಷ ಯಾಕೆ, ಅಲ್ವಾ? ಗುರುತು ಇರುವುದು ಒಳಗೆ, ಮೀನನ್ನು ತೇಲಿಸುವ ಗಾಳಿಚೀಲದಲ್ಲಿ. ಸಿಹಾಮಾ ಅನ್ನುವ ಜಾತಿ ಆದರೆ ಚೀಲದ ಹಿಂದೆ ಎರಡು ಬಾಲ. ಕೆಲವು ಜಾತಿಗೆ ಒಂದೇ.

ನನ್ನ ಮೀನುಗಳಿಗೆ ಒಂದೂ ಇಲ್ಲ!

ಮೊದಲ ಎರಡನ್ನು ಲೆಕ್ಕಕ್ಕೇ ಹಿಡಿಯಬೇಡಿ. "ಕ್ಲೀನ್ ಮಾಡ್ಬೇಡಿ ಅಕ್ಕ" ಅನ್ನುವಷ್ಟರಲ್ಲಿ ಮೀನು ಮಾರುವವರು ಹೊಟ್ಟೆ ಸೀಳಿ ಆಗಿತ್ತು. "ಎಂತ ಮಾರಾಯ್ರೆ, ಕರುಳು ಸಮೇತ ಫ್ರೈ ಮಾಡ್ತೀರಾ?" ಅಂತ ನಗು ಬೇರೆ. ಮೂರನೆಯದು ಐಸಿನಡಿ ಸಿಕ್ಕಿ ಚಪ್ಪಟೆ. ಕಾಣೆಯ ರೇಟು ನಿಮಗೆ ಗೊತ್ತೇ ಇದೆ, ಅಗ್ಗದ ಬೂತಾಯಿ ಮೀನು ಕೊಯ್ದ ಹಾಗಲ್ಲ ಇದು. ದುಡ್ಡು ವಸೂಲಾಗಲಿ ಅಂತ ತಲೆಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದೇನೆ. ಮುಂದಿನ ಕೆಲಸ ಕಿವಿಗಲ್ಲು, ಅಂದರೆ ತಲೆಯೊಳಗಿನ ಪುಟ್ಟ ಕಲ್ಲು: ಉಜ್ಜಿ, ಉಂಗುರ ಎಣಿಸಿ ವಯಸ್ಸು ನೋಡಬೇಕು. 2000 ನಂಬರಿನ ನಯವಾದ ಸ್ಯಾಂಡ್‌ಪೇಪರ್ ಕೇಳಿದರೆ ಅಂಗಡಿಯವರು ಬಾಗಿಲು ಉಜ್ಜುವುದನ್ನು ಕೊಟ್ಟರು.

ಇರಲಿ, ಚೀಲಕ್ಕೆ ಬರೋಣ. ನಾಲ್ಕು, ಐದು, ಆರು ನನ್ನದೇ ತಪ್ಪು. ಬೆನ್ನುಮೂಳೆಯಡಿ ಅಂಟಿದ ಬಿಳಿ ಚೀಲವನ್ನು ಚಿಮುಟದಲ್ಲಿ ಹಿಡಿದು ಮೆಲ್ಲಗೆ ಎಬ್ಬಿಸಿದೆ. ಬಂತು. ಹಿಂದಿನ ತುದಿ ಮೊಂಡು. ಮೂರಕ್ಕೂ ಹಾಗೇ. ಹೊಸ ಜಾತಿಯೇ ಸಿಕ್ಕಿತೇನೋ ಅಂತ ಒಂದು ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಲೆನ್ಸಿನಲ್ಲಿ ನೋಡಿದರೆ ತುದಿ ಹರಿದಿದೆ. ಬಾಲ ಇತ್ತು, ನಾನೇ ಕಿತ್ತಿದ್ದೆ! ಹೊಟ್ಟೆ ಮುಗಿದ ಮೇಲೂ ಅದು ಮೂಳೆಯ ಪಕ್ಕದಲ್ಲೇ ಮೀನಿನ ಬಾಲದ ಮಾಂಸದೊಳಗೆ ಹೋಗಿರುತ್ತದೆ. ಎಳೆದರೆ ತುಂಡಾಗಿ ಅಲ್ಲೇ ಉಳಿಯುತ್ತದೆ.

ಏಳನೆಯದನ್ನು ಎಳೆಯಲೇ ಇಲ್ಲ. ನೀರಿನ ಟ್ರೇಯಲ್ಲಿ ಮುಳುಗಿಸಿ, ಗುದದ್ವಾರದಿಂದ ಹಿಂದಕ್ಕೆ ಪಕ್ಕದ ಮಾಂಸವನ್ನು ಬ್ಲೇಡಿನಿಂದ ಚೂರುಚೂರೇ ಬಿಡಿಸಿದೆ. ಮುಕ್ಕಾಲು ಗಂಟೆಗೆ ಒಂದು ಬಿಳಿ ಎಳೆ ಕಂಡಿತು, ಶ್ಯಾವಿಗೆಯ ತುದಿಯ ಹಾಗೆ. ಮಗುಚಿ ಆ ಪಕ್ಕ ಬಿಡಿಸಿದೆ. ಇನ್ನೊಂದು! ಚೀಲಕ್ಕೆ ತಲೆಯ ಕಡೆಗೂ ಎರಡು ಕೊಂಬು, ಮೀನಿನ ಪುಸ್ತಕದಲ್ಲಿ ಇರುವ ಹಾಗೇ.

ಫೋರ್ಸ್ಕಾಲ್ ಅನ್ನುವ ಜೀವಿಶಾಸ್ತ್ರಜ್ಞ ಕೆಂಪು ಸಮುದ್ರದಲ್ಲಿ ಕಂಡು, 1775ರಲ್ಲಿ ಅಚ್ಚಾದ ಆ ಸಿಹಾಮಾ ಹೆಸರನ್ನು ಮಲ್ಪೆಯ ಈ ಮೀನಿನಡಿ ಪೆನ್ನಿನಲ್ಲೇ ಬರೆದೆ. ಉಳಿದ ಮಾಂಸ ರವೆ ಫ್ರೈಗೂ ಬರಲಿಲ್ಲ, ಪುಡಿಪುಡಿ. ಅಮ್ಮ ಬೈಯುತ್ತಲೇ ಪುಳಿಮುಂಚಿಗೆ ಹಾಕಿದರು.